ಸನ್ಯಾಸಿಗಳ ಮಠ ರಾಜಭವನ ಆದದ್ದು ಹೇಗೆ? ಗೋವಾದ ಕಾಬೊ ಬಗ್ಗೆ ಗೊತ್ತಿರೋರು ಬರೀರಿ

ಕಾಳಿ ನದಿ ದಡ:
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಕೆಲಸ ಪಣಜಿಯಲ್ಲಿ, ಇಲ್ಲಿಗೆ ಬಂದು ಆರು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ದೋನಾ ಪಾವ್ಲಾ ಕಡೆ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ, ಆದ್ರೆ ಆ ರಸ್ತೆ ಕೊನೆಯ ಗೇಟ್ ನೋಡಿ "ರಾಜಭವನ, ನಮಗೇನು ಕೆಲಸ" ಅಂತ ವಾಪಸ್ ಬರ್ತಿದ್ದೆ. ಆಗಸ್ಟ್ 15ಕ್ಕೆ ನಮ್ಮ ಮನೆ ಓನರ್ ಆಂಟಿ "ಬಾ ಮಗಾ, ಇವತ್ತು ಕಾಬೊ ಸಾಯಬಿಣಿ ಫೆಸ್ತ್, ಒಳಗೆ ಬಿಡ್ತಾರೆ" ಅಂತ ಕರ್ಕೊಂಡು ಹೋದ್ರು. ಸ್ವಾತಂತ್ರ್ಯ ದಿನಾಚರಣೆ, ಮೇರಿ ಮಾತೆ ಹಬ್ಬ, ಎರಡೂ ಒಂದೇ ದಿನ, ಅದೂ ರಾಜ್ಯಪಾಲರ ಮನೆಯ ಅಂಗಳದಲ್ಲಿ. ಮಳೆ ಜೋರಿತ್ತು. ಛತ್ರಿ ಹಿಡ್ಕೊಂಡು ಜನ ಸಾಲಾಗಿ ನಡೀತಿದ್ರು, ಮುದುಕಿಯರು ಮೇಣದಬತ್ತಿ ನೆನೀದ ಹಾಗೆ ಸೆರಗಲ್ಲಿ ಮುಚ್ಕೊಂಡಿದ್ರು.

ಒಳಗೆ ಹೋದ್ಮೇಲೆ ಗೊತ್ತಾಯ್ತು, ಇದು ಮೊದಲಿಗೆ ಬಂಗಲೆಯೇ ಅಲ್ಲ, ಸನ್ಯಾಸಿಗಳ ಮಠ! ರಾಜ್ಯಪಾಲರು ಇರೋ ಕಟ್ಟಡದ ಬುಡದಲ್ಲಿರೋದು ಫ್ರಾನ್ಸಿಸ್ಕನ್ ಪಾದ್ರಿಗಳು 1594ರಲ್ಲಿ ಕಟ್ಟಿದ ಕಾನ್ವೆಂಟ್. ಆ ಕಾನ್ವೆಂಟಿಗೂ ಮೊದಲಿದ್ದದ್ದು ಪಕ್ಕದ ಚಾಪೆಲ್, ಅದು 1540ರ ದಶಕದ ಶುರುವಿನದು, ವಾಸ್ಕೊ ದ ಗಾಮನ ಮಗ ಎಸ್ತೆವಾವ್ ದ ಗಾಮ ಗವರ್ನರ್ ಆಗಿದ್ದಾಗಿನದು. ಕಾಬೊ ಅಂದ್ರೆ ಪೋರ್ಚುಗೀಸಲ್ಲಿ ಭೂಶಿರ, ನೊಸ್ಸ ಸೆಞೊರ ದೊ ಕಾಬೊ ಅಂದ್ರೆ ಭೂಶಿರದ ಮಾತೆ. ನಿಂತು ನೋಡಿದ್ರೆ ಹೆಸರು ಯಾಕೆ ಅಂತ ತಾನಾಗೇ ಅರ್ಥ ಆಗತ್ತೆ, ಬಲಕ್ಕೆ ಮಾಂಡವಿ ಬಂದು ಸಮುದ್ರ ಸೇರತ್ತೆ, ಎಡಕ್ಕೆ ಜುವಾರಿ, ನಡುವೆ ಕಲ್ಲಿನ ಮೂಗು ಚಾಚಿಕೊಂಡ ಹಾಗೆ ಈ ತುದಿ. ಲಿಸ್ಬನ್‌ನಿಂದ ತಿಂಗಳುಗಟ್ಟಲೆ ಸಮುದ್ರದಲ್ಲಿ ನರಳಿ ಬಂದ ಹಡಗಿನವರಿಗೆ ಈ ಗುಡ್ಡ ಕಂಡರೆ ಊರು ಬಂತು ಅಂತ ಅರ್ಥ.

ನನಗೆ ತಲೆಯಲ್ಲಿ ಕೊರೀತಿರೋದು ಒಂದೇ ಪ್ರಶ್ನೆ. ಹಳೇ ಗೋವಾದಲ್ಲಿ ಇದೇ ಕಾಲದ ಎಷ್ಟೋ ಮಠಗಳು ನೆಲಸಮ ಆಗಿವೆ, ಗೋಡೆ ಕೂಡ ಇಲ್ಲ. ಇದೊಂದು ಮಾತ್ರ ಹೇಗೆ ಉಳೀತು, ಅದೂ ಒಳಗಿನ ಪೂಜೆ ಸಮೇತ? ಬಲ್ಲವರು ಹೇಳಿ ಪ್ಲೀಸ್.

ಹಂಪನಕಟ್ಟೆ:
ಅಕ್ಕ ಒಳ್ಳೆ ವಿಷಯ ತೆಗ್ದಿದ್ದೀರಿ. ಮೊದಲು ಒಂದು ಕ್ಲಿಯರ್ ಮಾಡ್ತೇನೆ, ಯಾಕಂದ್ರೆ ನಮ್ಮವರಿಗೆ ಕಾನ್ವೆಂಟ್ ಅಂದ್ರೆ ಟೈ ಕಟ್ಟಿದ ಮಕ್ಕಳ ಇಂಗ್ಲಿಷ್ ಮೀಡಿಯಂ ಶಾಲೆ. ಇಲ್ಲಿ ಹಾಗಲ್ಲ, ಕಾನ್ವೆಂಟ್ ಅಂದ್ರೆ ವ್ರತ ತಗೊಂಡ ಸನ್ಯಾಸಿಗಳು ಒಟ್ಟಿಗೆ ಇದ್ದು ಪ್ರಾರ್ಥನೆ ಮಾಡುವ ಮಠ. ಕಾಬೊದಲ್ಲಿ ಇದ್ದವರು ಫ್ರಾನ್ಸಿಸ್ಕನ್ನರಲ್ಲೇ ಕಟ್ಟುನಿಟ್ಟಿನ ಪಂಗಡ, ಗೋವಾದಲ್ಲಿ ಅವರಿಗೆ ಕಾಪುಶೊ ಅಂತ ಹೆಸರು. ಬಡತನದ ವ್ರತ, ಭಿಕ್ಷೆ ಎತ್ತಿ ಊಟ. ಅಂಥವರು ಕಟ್ಟಿದ ಜಾಗದಲ್ಲಿ ಆಮೇಲೆ ಬೊಹೀಮಿಯಾದ ಗಾಜಿನ ತೂಗುದೀಪ, ಚೀನಾ ಪಿಂಗಾಣಿ ಬಂದು ಕೂತವು ನೋಡಿ, ನಂಗೆ ಅದೇ ದೊಡ್ಡ ಬೇಜಾರು.

ನಮ್ಮ ಕಡೆಯಲ್ಲೂ ಗೋವಾ ಫ್ರಾನ್ಸಿಸ್ಕನ್ನರ ಹೆಜ್ಜೆ ಉಂಟು, ಫರಂಗಿಪೇಟೆಯ ಮೊಂತಿ ಮರಿಯಾನೊ ಮಠ ಅವರದ್ದೇ. ಹೊಸ ಭತ್ತದ ತೆನೆ ತರುವ ನಮ್ಮ ಮೊಂತಿ ಫೆಸ್ತ್ ಸೆಪ್ಟೆಂಬರ್ 8ಕ್ಕೆ, ಮಾತೆಯ ಹುಟ್ಟುಹಬ್ಬ. ಕಾಬೊದ್ದು ಆಗಸ್ಟ್ 15, ಮಾತೆಯ ಸ್ವರ್ಗಾರೋಹಣ. ನಮ್ಮ ಅಜ್ಜಿ ಗೋವಾ ನೋಡಿದವರೇ ಅಲ್ಲ, ಆದ್ರೆ ಅವರ ಹಳೇ ಪದಗಳು ಪೂರ್ತಿ ಆ ಕಡೆಯವು, ಇಗರ್ಜಿ (ಚರ್ಚ್), ಜನೇಲ್ (ಕಿಟಕಿ), ಚಾವಿ (ಬೀಗದ ಕೈ), ಕದೆಲ್ (ಕುರ್ಚಿ).

ಶಾಸನ ಓದುವವ (ಧಾರವಾಡ):
ಕಾರವಾರದ ತಂಗಿ ಕೇಳಿದ್ದಕ್ಕೆ ಉತ್ತರ ಹೇಳಬೇಕಂದ್ರ ಸ್ವಲ್ಪ ಹಿಂದಕ್ಕ ಹೋಗಬೇಕಾಗ್ತದ. 1510ರಾಗ ಅಲ್ಬುಕರ್ಕ್ ಗೋವಾ ತಗೊಂಡದ್ದು ನಮ್ಮ ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ. ಆಗ ಅವನಿಗೆ ದಾರಿ ತೋರಿಸಿದಾಂವ ಹೊನ್ನಾವರದ ಕಡೆಯ ತಿಮ್ಮಯ್ಯ, ಪೋರ್ಚುಗೀಸರು ತಿಮೋಜ ಅಂತ ಬರದಾರ. ಅದಕ್ಕೂ ಮೊದಲ ಗೋವಾ ಕದಂಬರು ಆಳಿದ ನೆಲ ಇದು, "ಸಪ್ತಕೋಟೀಶ್ವರ ಲಬ್ಧ ವರಪ್ರಸಾದ" ಅಂತ ಬಿರುದು ಇಟ್ಕೊಂಡವರು, ಅವರ ಕನ್ನಡ ಶಾಸನ ಇವತ್ತಿಗೂ ಅದಾವ.

ಈಗ ಮುಖ್ಯ ಮಾತು. ಕಾಬೊ ಚಾಪೆಲ್ ಕಟ್ಟಿಸಿದ ಎಸ್ತೆವಾವ್ ದ ಗಾಮನ ಅಧಿಕಾರ 1540ರಿಂದ 1542. ತಿಸ್ವಾಡಿ ದ್ವೀಪದ (ಪಣಜಿ, ಹಳೇ ಗೋವಾ ಎರಡೂ ಇರೂದು ಅಲ್ಲೇ) ದೇವಸ್ಥಾನಗಳನ್ನ ಕೆಡವಿದ್ದು ಅದೇ 1540ರ ಸುಮಾರಿಗೆ, 1541ರಾಗ ಆ ದೇವಸ್ಥಾನಗಳ ಜಮೀನಿನ ಉತ್ಪನ್ನ ಇಗರ್ಜಿಗಳ ಖರ್ಚಿಗೆ ಹೋಗಬೇಕು ಅಂತ ಊರ ಗಾಂವಕಾರರ (ಊರ ಜಮೀನು ನೋಡ್ಕೊಳ್ಳೂ ಹಿರೇರ) ಕಡೆಯಿಂದ ಒಪ್ಪಿಸಿಕೊಂಡದ್ದೂ ಅವನ ಕಾಲದಾಗ. ದಿವಾಡಿ ದ್ವೀಪದ ಸಪ್ತಕೋಟೀಶ್ವರ ನದಿ ದಾಟಿ ಗೋವಾದ್ದೇ ನಾರ್ವೆ ಅನ್ನೂ ಹಳ್ಳಿಗೆ ಹೋದ, 1668ರಾಗ ಶಿವಾಜಿ ಅಲ್ಲೇ ಗುಡಿ ಜೀರ್ಣೋದ್ಧಾರ ಮಾಡಿಸಿದ. ಕಾಬೊದ ಸೌಂದರ್ಯ ಹೇಳೂ ಮುಂದ ಇದನ್ನ ಬಿಟ್ಟು ಹೇಳಬಾರದು. ಹಂಗಂತ ಎಲ್ಲಾ ಅನ್ಯಾಯ ತಂದು ಈ ಒಂದು ಗುಡ್ಡದ ಮ್ಯಾಲೆ ಹೇರೂದೂ ತಪ್ಪು. ದಾಖಲೆ ಹೇಳೂದು ಊರೂರಿನ ದೇವಸ್ಥಾನದ ಜಮೀನಿನ ಕಥಿ. ಭೂಶಿರದ ಚಾಪೆಲ್ಲು ಹಡಗಿನವರ ಹರಕೆಯ ಜಾಗ, ಇಂಥದ್ದೇ ಹೆಸರಿನ ಮಾತೆ ಪೋರ್ಚುಗಲ್ಲಿನ ಎಸ್ಪಿಶೆಲ್ ಭೂಶಿರದಾಗೂ ಅದಾಳ.

ಬಸವನಗುಡಿ ಬಾಯ್ಸ್:
ಸಾರಿ, ನನಗೆ ಒಂದು ಅರ್ಥ ಆಗ್ತಿಲ್ಲ. ಇಷ್ಟೆಲ್ಲಾ ಮಾಡಿದವರ ಕಟ್ಟಡಾನ ನಾವು ಯಾಕೆ ಇಷ್ಟು ಮುದ್ದು ಮಾಡ್ಬೇಕು? 1961ರಲ್ಲಿ ಗೋವಾ ನಮ್ಮದಾದಾಗಲೇ ಗವರ್ನರ್‌ಗೆ ಬೇರೆ ಮನೆ ಕಟ್ಟಿಸಿ ಇದನ್ನ ಮ್ಯೂಸಿಯಂ ಮಾಡಿ ಬಿಡಬೇಕಿತ್ತು. ಗುಲಾಮಗಿರಿಯ ನೆನಪಲ್ಲಿ ನಮ್ಮ ರಾಜ್ಯಪಾಲರು ಯಾಕೆ ಮಲಗಬೇಕು ಅಂತ ನನ್ನ ಸಿಂಪಲ್ ಪ್ರಶ್ನೆ, ಯಾರನ್ನೂ ನೋಯಿಸೋಕಲ್ಲ.

ಕಾಳಿ ನದಿ ದಡ:
ಧಾರವಾಡದ ಅಣ್ಣ, 1541ರ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್, ನಾನು ಬರೆದದ್ದರಲ್ಲಿ ಅದು ಇರಬೇಕಿತ್ತು.

ಬಸವನಗುಡಿಯವರೇ, ನಿಮ್ಮ ಪ್ರಶ್ನೆ ನ್ಯಾಯವೇ. ಆದ್ರೆ ಒಂದು ಹೇಳ್ತೀನಿ, ಆ ದಿನ ಚಾಪೆಲ್ಲಲ್ಲಿ ಕೂತಿದ್ದವರು ಯಾರೂ ಪೋರ್ಚುಗೀಸರಲ್ಲ. ತಾಳಗಾಂವದ ಅಜ್ಜಿಯರು, ಮೀನುಗಾರರ ಮನೆಯವರು, ಕೊಂಕಣಿಯಲ್ಲಿ ಹಾಡ್ತಿದ್ರು, ಅವರ ಅಜ್ಜಿಯ ಅಜ್ಜಿ ಕೂಡ ಅಲ್ಲೇ ಹಾಡಿರಬೇಕು. ಗವರ್ನರುಗಳು ಬಂದ್ರು ಹೋದ್ರು, ಬಾವುಟ ಬದಲಾಯ್ತು, ಇವರು ಮಾತ್ರ ವರ್ಷಕ್ಕೊಂದ್ಸಲ ಮಳೆಯಲ್ಲಿ ಅದೇ ಗುಡ್ಡ ಹತ್ತುತ್ತಾ ಬಂದಿದಾರೆ. ಕಟ್ಟಿದವನದು ಅಂತ ನಾವು ಅಂದ್ಕೊಂಡಿರೋದು ಅಷ್ಟು ಹೊತ್ತಿಗೆ ಇವರದಾಗಿದೆ ಅಲ್ವಾ?

ಹಳೇ ಕಲ್ಲು:
ಕಟ್ಟಡ ಸಂರಕ್ಷಣೆ ಕೆಲಸದಲ್ಲಿ ಇರೋನು ನಾನು (ಖಾಸಗಿಯಾಗಿ, ಸರ್ಕಾರದ ಕಡೆ ಅಲ್ಲ), ಗೋವಾ ಕರಾವಳಿಯಲ್ಲಿ ಕೆಲಸ ಮಾಡಿದೀನಿ. ತಂಗಿ ಕೇಳಿದ "ಹೇಗೆ ಉಳೀತು" ಅನ್ನೋ ಪ್ರಶ್ನೆಗೆ ನನ್ನ ಉತ್ತರ ಒಂದೇ ಸಾಲಲ್ಲಿ, ಸರ್ಕಾರ ಒಳಗೆ ಬಂದು ಕೂತಿದ್ದಕ್ಕೆ ಉಳೀತು. ಈಗ ಉದ್ದಕ್ಕೆ ಹೇಳ್ತೀನಿ ಕೇಳಿ.

ಪೋರ್ಚುಗಲ್‌ನಲ್ಲಿ ಅಂತರ್ಯುದ್ಧ ಮುಗಿದು ಲಿಬರಲ್‌ಗಳು ಗೆದ್ದಿದ್ದು 1834ರಲ್ಲಿ, ಗೆದ್ದ ಕೂಡಲೇ ಅದೇ ಮೇ ತಿಂಗಳಲ್ಲಿ ಗಂಡಸರ ಎಲ್ಲಾ ಸನ್ಯಾಸಿ ಸಂಘಗಳನ್ನ ರದ್ದು ಮಾಡಿ ಆಸ್ತಿ ಸರ್ಕಾರಕ್ಕೆ ಅಂತ ಡಿಕ್ರಿ ಹೊರಡಿಸಿದ್ರು. ಅದಕ್ಕೆ ಸಹಿ ಹಾಕಿದ ಮಂತ್ರಿ ಜೊವಾಕಿಂ ಅಂತೋನಿಯೊ ದ ಅಗಿಯರ್‌ಗೆ ಜನ ಇಟ್ಟ ಅಡ್ಡಹೆಸರು ಮಾತಾ ಫ್ರಾದೆಸ್, ಅಂದ್ರೆ ಸನ್ಯಾಸಿಗಳನ್ನ ಕೊಂದವನು. 1835ರಲ್ಲಿ ಆ ಆದೇಶ ಗೋವಾದಲ್ಲಿ ಜಾರಿ ಆಯ್ತು. ಗೋವಾದವನೇ ಆದ ಬರ್ನಾರ್ದೊ ಪೆರೆಸ್ ದ ಸಿಲ್ವ ಪ್ರಿಫೆಕ್ಟ್ (ಆಡಳಿತದ ಮುಖ್ಯಸ್ಥ) ಆಗಿ ಬಂದು ಮೂರು ವಾರ ತುಂಬೋದ್ರೊಳಗೆ ಸೈನ್ಯದವರು ಅವನನ್ನ ಇಳಿಸಿದ ವರ್ಷವೂ ಅದೇ, ಒಟ್ಟಲ್ಲಿ ಊರು ತಳಮಳ ಆಗಿತ್ತು. ಆ ಗಲಾಟೆ ನಡುವೆ ಮುನ್ನೂರು ವರ್ಷದಿಂದ ಬೆಳೆದಿದ್ದ ಮಠಗಳು ಒಮ್ಮೆಗೇ ಖಾಲಿ.

ಖಾಲಿ ಕಟ್ಟಡ ಗೋವಾದ ಮಳೆಯಲ್ಲಿ ಎಷ್ಟು ದಿನ ನಿಲ್ಲತ್ತೆ? ಇಲ್ಲಿ ಗೋಡೆ ಎಲ್ಲಾ ಚಿರೇಕಲ್ಲು, ಕಾರವಾರದವರಿಗೆ ಗೊತ್ತಿರತ್ತೆ, ನೆಲದಿಂದ ಕಡೀವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ, ಆದ್ರೆ ಮೈತುಂಬಾ ತೂತು, ನೀರು ಕುಡಿಯತ್ತೆ. ಅದಕ್ಕೇ ಮೇಲೆ ಸುಣ್ಣದ ಗಾರೆ ಬೇಕು, ಆ ಸುಣ್ಣ ಮಳೆಗಾಲ ಮುಗಿದ ಮೇಲೆ ಮತ್ತೆ ಮತ್ತೆ ಬಳೀಬೇಕು, ಹೆಂಚು ಕೈಯಾಡಿಸ್ತಾ ಇರಬೇಕು. ಒಂದು ಹೆಂಚು ಜಾರಿದ್ರೆ ತೊಲೆಗೆ ನೀರು, ತೊಲೆ ಲಡ್ಡಾದ್ರೆ ಮಾಡು ಕೂತ್ಕೊಳತ್ತೆ, ಮಾಡು ಹೋದ ಗೋಡೆ ತಲೆ ಮೇಲೆ ಅರಳಿ ಗಿಡ. ಹಳೇ ಗೋವಾದ ಸಂತ ಅಗಸ್ಟೀನ್ ಇಗರ್ಜಿಗೆ ಆದದ್ದು ಹೀಗೇ, 1835ರಲ್ಲಿ ಖಾಲಿ, 1842ರಲ್ಲಿ ಕಮಾನು ಕುಸೀತು, 1931ರಲ್ಲಿ ಮುಂಭಾಗ ಬಿತ್ತು, ಈಗ ಉಳಿದಿರೋದು ಸುಮಾರು 46 ಮೀಟರ್ ಎತ್ತರದ ಒಂಟಿ ಗೋಪುರದ ಸೀಳು. ಸಂತ ಡೊಮಿನಿಕ್ ಮಠವನ್ನ 1841ರಲ್ಲಿ ಕೆಡವಿದ್ರು. ವೈಸ್‌ರಾಯ್‌ಗಳ ಹಳೇ ಅರಮನೆಯನ್ನೇ 1820ರಲ್ಲಿ ಕೆಡವಿ ಹಾಕಿದ್ರು. ಬಿದ್ದ ಕಟ್ಟಡಗಳ ಕಲ್ಲು ದೋಣಿಯಲ್ಲಿ ಪಣಜಿಗೆ ಬಂದು ಹೊಸ ಊರಿನ ಗೋಡೆ ಆಯ್ತು.

ಕಾಬೊ ಮಾತ್ರ ಖಾಲಿ ಉಳಿಯಲಿಲ್ಲ. ಸನ್ಯಾಸಿಗಳು ಹೋದ್ಮೇಲೆ ಸ್ವಲ್ಪ ಕಾಲ ಆರ್ಚ್‌ಬಿಷಪ್ ಇದ್ರು, ಆಮೇಲೆ 19ನೇ ಶತಮಾನದ ಎರಡನೇ ಅರ್ಧದಲ್ಲಿ ಗವರ್ನರ್ ಜನರಲ್‌ಗಳು ಬೇಸಿಗೆಗೆ ಗಾಳಿ ತಗೊಳಕ್ಕೆ ಬರೋ ಮನೆ ಆಯ್ತು, ಕೊನೆಗೆ 1918ರಲ್ಲಿ ಪಣಜಿಯ ಹಳೇ ಅರಮನೆ ಬಿಟ್ಟು ಕಾಯಂ ಇಲ್ಲಿಗೇ ಬಂದ್ಬಿಟ್ರು. ಬಿಡುವಿಲ್ಲದೆ ಯಾರೋ ಒಬ್ಬರು ಹೆಂಚು ಕೈಯಾಡಿಸ್ತಾ ಇದ್ರು. ಸನ್ಯಾಸಿಗಳನ್ನ ಹೊರಗೆ ಹಾಕಿದ ಸರ್ಕಾರವೇ ಅವರ ಗೋಡೆಗೆ ಸುಣ್ಣ ಬಳೀತು, ಅಷ್ಟೇ ಕಥೆ.

ಬಿಜಾಪುರ ಟು ವಾಸ್ಕೊ:
ಅಣ್ಣಾರ "ಪಣಜಿಯ ಹಳೇ ಅರಮನೆ" ಅಂದ್ರಲ್ಲ, ಅದು ಯಾರದು ಅನ್ನೂದನ್ನ ನಾ ಹೇಳ್ತೀನ್ರಿ ಯಾಕಂದ್ರ ನಮ್ಮೂರ ಹೆಸರು ಐತಿ ಅದರಾಗ. ಮಾಂಡವಿ ದಂಡಿಮ್ಯಾಲೆ ಇರೂದು ಆದಿಲ್‌ಶಾಹಿ ಅರಮನಿ, ಯೂಸುಫ್ ಆದಿಲ್ ಶಾಹ ಕಟ್ಟಿಸಿದ್ದು. ಪೋರ್ಚುಗೀಸರ ಬಾಯಾಗ ಆದಿಲ್ ಖಾನ್ ಅನ್ನೂದು ಇದಲ್‌ಕಾವ್ ಆತು. ಹಳೇ ಗೋವಾದಾಗ ರೋಗ ರುಜಿನ ಬಂದು ಜನ ಸಾಯಾಕ ಹತ್ತಿದ ಮ್ಯಾಲೆ ವೈಸ್‌ರಾಯ್ 1759ರಾಗ ಆ ಅರಮನಿಗೆ ಬಂದ, 1843ರಾಗ ಪಣಜಿನ ರಾಜಧಾನಿ ಆತು. ಅಂದ್ರ ನೋಡ್ರಿ, ನಮ್ಮ ಸುಲ್ತಾನನ ಅರಮನ್ಯಾಗ ನೂರಾ ಅರವತ್ತ ವರ್ಷದ ಹತ್ರ ಹತ್ರ ಇದ್ದು ಆಮ್ಯಾಲೆ ಸನ್ಯಾಸಿಗಳ ಮಠಕ್ಕ ಹೋದ್ರು. ಒಂದೂ ಅವರು ತಮಗಂತ ಹೊಸದಾಗಿ ಕಟ್ಟಿದ್ದಲ್ಲ!

ನಾ ವಾಸ್ಕೊದಾಗ ಹುಟ್ಟಿ ಬೆಳದಾಂವ, ನಮ್ಮಪ್ಪ ಬಂದರದಾಗ ಕೆಲಸ ಮಾಡ್ತಿದ್ದ, ಹೊಸಪೇಟಿ ಕಡೆಯಿಂದ ರೈಲಿನಾಗ ಅದಿರು ಬರ್ತಿತ್ತಲ್ರಿ, ಅದನ್ನ ಹಡಗಿಗೆ ಹೇರೂದು. ಸಂಜೀಕ ನಾವು ಮುರ್ಮುಗಾಂವ ಗುಡ್ಡದ ಮ್ಯಾಲೆ ಕುಂತ್ರ ಎದುರಿಗೆ ನೀರಾಚೆ ಕಾಬೊ ದೀಪ ಕಾಣ್ತಿತ್ತು, ನಮ್ಮಪ್ಪ "ಅದು ರಾಜನ ಮನಿ" ಅಂತಿದ್ದ. ನಮಗ ಅಲ್ಲಿ ಹೋಗಾಕ ಆಗ್ತೈತಿ ಅಂತನೂ ಗೊತ್ತಿರಲಿಲ್ಲ. ಆ ದಂಡಿಯಿಂದ ಈ ದಂಡಿಗೆ ನೋಡೂದರಾಗ ನಮ್ಮ ಬಾಲ್ಯ ಹೋತು.

ತೀರ್ಥಹಳ್ಳಿ ಮಳೆ:
ದೋನಾ ಪಾವ್ಲಾ ಕಥೆ ಯಾರೂ ಹೇಳ್ಲಿಲ್ವಲ್ಲ! ನಾವು ಟೂರ್ ಹೋದಾಗ ಗೈಡ್ ಹೇಳಿದ್ದು, ವೈಸ್‌ರಾಯ್ ಮಗಳು ಗಾಸ್ಪರ್ ದಿಯಸ್ ಅನ್ನೋ ಮೀನುಗಾರನ್ನ ಪ್ರೀತಿಸಿ, ಅಪ್ಪ ಒಪ್ಪದೆ, ಬಂಡೆ ಮೇಲಿಂದ ಹಾರಿದ್ಲು, ಹುಣ್ಣಿಮೆ ರಾತ್ರಿ ಮುತ್ತಿನ ಹಾರ ಹಾಕ್ಕೊಂಡು ಎದ್ದು ಬರ್ತಾಳೆ ಅಂತ. ಇದು ನಿಜಾನಾ?

ಹಂಪನಕಟ್ಟೆ:
ಇಲ್ಲ ಮಾರಾಯ್ರೆ, ಪಾಪದ ಹೆಂಗಸಿನ ಮೇಲೆ ಎಂಥ ಕಥೆ ಕಟ್ಟಿದ್ದಾರೆ ನೋಡಿ. ದೋನಾ ಪಾವ್ಲಾ ನಿಜವಾಗಿ ಇದ್ದವರು, ಶ್ರೀಲಂಕಾದ ಜಾಫ್ನಾ ಕಡೆಯ ಪೋರ್ಚುಗೀಸ್ ಅಧಿಕಾರಿಯ ಮಗಳು, ಸೊತೊ ಮಯೋರ್ ಮನೆತನಕ್ಕೆ ಮದುವೆಯಾಗಿ ಬಂದವರು, ಆ ಸುತ್ತಿನ ಜಮೀನು ಅವರದ್ದಾಗಿತ್ತು, ಹಾಗಾಗಿ ಊರಿಗೆ ಅವರ ಹೆಸರು. ಸತ್ತದ್ದು 1682ರಲ್ಲಿ. ಅವರ ಸಮಾಧಿ ಕಲ್ಲು ಇರುವುದು ಇದೇ ಕಾಬೊ ಚಾಪೆಲ್ಲಿನಲ್ಲಿ. ಹಾರಿ ಸತ್ತವರನ್ನು ಆ ಕಾಲದಲ್ಲಿ ಚಾಪೆಲ್ಲಿನ ಒಳಗೆ ಹೂಳ್ತಿರಲಿಲ್ಲ, ಅಷ್ಟು ಯೋಚನೆ ಮಾಡಿದ್ರೆ ಸಾಕು. ಮತ್ತೆ ಗಾಸ್ಪರ್ ದಿಯಸ್ ಅನ್ನೋದು ಮೀರಾಮಾರ್ ಹತ್ರ ಇದ್ದ ಒಂದು ಕೋಟೆಯ ಹೆಸರು, ಕೋಟೆಯ ಹೆಸರನ್ನು ಮೀನುಗಾರನಿಗೆ ಇಟ್ಟು ಕಥೆ ಮಾಡಿದ್ದು.

ತೀರ್ಥಹಳ್ಳಿ ಮಳೆ:
ಅಯ್ಯೋ ಹೌದಾ, ನಾನು ಇಷ್ಟು ವರ್ಷ ಎಲ್ಲರಿಗೂ ಅದೇ ಹೇಳ್ಕೊಂಡು ಬಂದೆ. ಇನ್ಮೇಲೆ ಸರಿ ಕಥೆ ಹೇಳ್ತೀನಿ.

ಶಾಸನ ಓದುವವ (ಧಾರವಾಡ):
ಕೋಟೆ ಅಂದಕೂಡಲೇ ನೆನಪಾತು. ಕಾಬೊ ಬರೇ ಪ್ರಾರ್ಥನೆಯ ಜಾಗ ಅಲ್ಲ, ತೋಪಿನ ಜಾಗನೂ ಹೌದು. ನದಿ ಬಾಯಿ ಕಾಯಾಕ ಉತ್ತರಕ್ಕ ಅಗ್ವಾದ 1612ರಾಗ ಮುಗೀತು, ದಕ್ಷಿಣಕ್ಕ ಮುರ್ಮುಗಾಂವ ಕೋಟೆ 1624ರಾಗ ಶುರು ಆತು, ನಡುವಿನ ಕೊಂಡಿ ಈ ಭೂಶಿರ. ಸನ್ಯಾಸಿಗಳ ಜಪ ಒಂದು ಕಡೆ, ಸೈನಿಕರ ಪಹರೆ ಒಂದು ಕಡೆ.

ಇದಕ್ಕ ನಮ್ಮ ಮೈಸೂರಿನ ನಂಟೂ ಐತಿ. ನೆಪೋಲಿಯನ್ 1798ರಾಗ ಈಜಿಪ್ಟಿಗೆ ಬಂದ, ಟಿಪ್ಪು ಫ್ರೆಂಚರ ಜೋಡಿ ಪತ್ರ ನಡೆಸಿದ್ದ, ಫ್ರೆಂಚರು ಗೋವಾದಾಗ ಇಳದ್ರ ಏನು ಗತಿ ಅಂತ ಬ್ರಿಟಿಷರಿಗೆ ಹೆದರಿಕಿ. 1799ರ ಮೇ ತಿಂಗಳಾಗ ಶ್ರೀರಂಗಪಟ್ಟಣ ಬಿತ್ತು, ಅದೇ ವರ್ಷ ಬ್ರಿಟಿಷ್ ಪಡೆ ಗೋವಾಕ್ಕ ಬಂತು. "ಸಹಾಯಕ್ಕ ಬಂದೀವಿ" ಅಂದ್ರು, ಪೋರ್ಚುಗೀಸರಿಗೆ ಬ್ಯಾಡ ಅನ್ನೂ ಶಕ್ತಿ ಇರಲಿಲ್ಲ. ಅಗ್ವಾದ, ಕಾಬೊ ಎರಡರಾಗೂ ಪಾಳೆ ಹೊಡದ್ರು, ಯುರೋಪಿನ ಯುದ್ಧ ಮುಗಿಯೂ ಹೊತ್ತಿನ ತನಕ ಇದ್ರು. ಕಾಬೊದಾಗ ಬ್ಯಾರಕ್ಕು ಕಟ್ಟಿದ್ರು. ರಾಜಭವನದ ದಾರಿಯಾಗ ಇವತ್ತಿಗೂ ಸಣ್ಣ ಬ್ರಿಟಿಷ್ ಸ್ಮಶಾನ ಐತಿ, ಯಾರೂ ತಿರುಗಿ ನೋಡಂಗಿಲ್ಲ. ಆ ವರ್ಷಗಳಾಗ ಸನ್ಯಾಸಿಗಳು ಪರದೇಶದ ಸಿಪಾಯಿಗಳ ಗದ್ದಲದ ನಡುವ ಹ್ಯಾಂಗ ಧ್ಯಾನ ಮಾಡಿರಬೇಕು ಅಂತ ನಾ ಭಾಳ ಸಲ ವಿಚಾರ ಮಾಡೀನಿ.

ದೂರದ ಊರು (ಲಿಸ್ಬನ್):
ನಾನು ಶಿವಮೊಗ್ಗದವನು, ಕೆಲಸದ ಮೇಲೆ ಪೋರ್ಚುಗಲ್ಲಲ್ಲಿ ಇದೀನಿ. ಇಲ್ಲಿ ಇದು ಸರ್ವೇಸಾಮಾನ್ಯ, ದೇಶದ ಪಾರ್ಲಿಮೆಂಟ್ ಕೂತಿರೋದೇ ಸಾವೊ ಬೆಂತೊ ಅನ್ನೋ ಬೆನೆಡಿಕ್ಟಿನ್ ಸನ್ಯಾಸಿಗಳ ಹಳೇ ಮಠದಲ್ಲಿ, ಅದೂ 1834ರದ್ದೇ ಡಿಕ್ರಿ. ಪೋರ್ಚುಗೀಸರು ಆಳಿದ ಕಡೆಯೆಲ್ಲಾ ಇದೇ ನಡೆದಿದೆ. ಬ್ರೆಜಿಲ್‌ನ ವಿತೋರಿಯ ಊರಲ್ಲಿ ಅಂಶಿಯೆತ ಅರಮನೆ ಅಂತಿದೆ, ಎಸ್ಪಿರಿತೊ ಸಾಂತೊ ರಾಜ್ಯ ಸರ್ಕಾರದ್ದು, ಮೂಲ ಜೆಸ್ವಿಟ್ ಅನ್ನೋ ಇನ್ನೊಂದು ಕ್ಯಾಥೊಲಿಕ್ ಸಂಘದ ಪಾದ್ರಿಗಳ ಕಾಲೇಜು. ಮೊಜಾಂಬಿಕ್ ದ್ವೀಪದಲ್ಲಿ ಸಾವೊ ಪಾವ್ಲೊ ಅರಮನೆ, ಅದೂ ಜೆಸ್ವಿಟ್ ಕಾಲೇಜೇ, ಆಮೇಲೆ ಗವರ್ನರ್ ಮನೆ, ಈಗ ಮ್ಯೂಸಿಯಂ. ಮೊಜಾಂಬಿಕ್ 1752ರವರೆಗೂ ಗೋವಾದ ಕೈಕೆಳಗೇ ಇತ್ತು.

ಒಂದು ವ್ಯತ್ಯಾಸ ಗಮನಿಸಿ. ಅವೆರಡೂ ಜೆಸ್ವಿಟರವು, ಪೊಂಬಾಲ್ ಮಂತ್ರಿ 1759ರಲ್ಲಿ ಜೆಸ್ವಿಟರನ್ನ ಸಾಮ್ರಾಜ್ಯದಿಂದಲೇ ಓಡಿಸಿದಾಗ ಸರ್ಕಾರದ ಪಾಲಾದವು. ಕಾಬೊ ಫ್ರಾನ್ಸಿಸ್ಕನ್ನರದ್ದು, ಹಾಗಾಗಿ ಇನ್ನೂ ಮುಕ್ಕಾಲು ಶತಮಾನ ಉಳ್ಕೊಂಡಿತ್ತು. ಸರ್ಕಾರಕ್ಕೆ ಮಠಗಳೇ ಯಾಕೆ ಬೇಕಿತ್ತು ಅಂದ್ರೆ ನನಗನ್ನಿಸೋದು, ಊರಲ್ಲಿ ಅಷ್ಟು ದೊಡ್ಡ ಗಟ್ಟಿ ಕಟ್ಟಡ ಬೇರೆ ಇರ್ತಿರಲಿಲ್ಲ. ಉದ್ದ ಕಾರಿಡಾರ್, ಸಾಲು ಕೋಣೆ, ನಡುವೆ ಅಂಗಳ, ಬಾವಿ, ತೋಟ, ಸನ್ಯಾಸಿಯ ಕೋಣೆಗೆ ಗುಮಾಸ್ತನ ಮೇಜು ಹಾಕಿದ್ರೆ ಆಫೀಸ್ ರೆಡಿ. ಜಾಗವೂ ಹಾಗೇ, ಊರಿನ ಒಳ್ಳೆ ಗಾಳಿ ಬೆಳಕಿನ ಗುಡ್ಡಗಳನ್ನ ಸನ್ಯಾಸಿಗಳು ಮೊದಲೇ ಆರಿಸಿಕೊಂಡಿದ್ರು.

ಬಸವನಗುಡಿ ಬಾಯ್ಸ್:
ಓಕೆ ಇದು ನನಗೆ ಹೊಸದು. 1961ರ ವಿಷಯ ಯಾರಾದ್ರೂ ಹೇಳ್ತೀರಾ, ಆ ದಿನ ಕಾಬೊದಲ್ಲಿ ಯಾರಿದ್ರು?

ಬಿಜಾಪುರ ಟು ವಾಸ್ಕೊ:
ಅದು ನಮ್ಮ ಓಣಿ ಹಿರೇರ ಬಾಯಾಗಿಂದ ಕೇಳಿ ಬೆಳದೀವ್ರಿ. ಕಾಬೊದಾಗ ಇದ್ದ ಕಡೀ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ. ಲಿಸ್ಬನ್ನಿಂದ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಜಾರ್ ಹುಕುಂ ಕಳಸಿದ್ದ, ಶರಣಾಗೂ ಮಾತಿಲ್ಲ, ಗೆದ್ದ ಸೈನಿಕರು ಇರಬೇಕು ಇಲ್ಲಾ ಸತ್ತ ಸೈನಿಕರು ಇರಬೇಕು ಅಂತ. ಡಿಸೆಂಬರ್ 18ಕ್ಕ ನಮ್ಮ ಸೈನ್ಯ ಬಂತು, ಆಪರೇಷನ್ ವಿಜಯ್. ಪೋರ್ಚುಗೀಸರ ಯುದ್ಧನೌಕೆ ಅಫೊನ್ಸೊ ದ ಅಲ್ಬುಕರ್ಕ್ ಮುರ್ಮುಗಾಂವ ಬಂದರದಾಗ ನಮ್ಮ ನೌಕೆಗಳ ಜೋಡಿ ಹೊಡದಾಡಿ ಪೆಟ್ಟು ತಿಂದು ಬಾಂಬೋಳಿ ಕಡೆ ದಂಡಿಗೆ ಹತ್ತಿ ನಿಂತ್ತು, ಅಂದ್ರ ಕಾಬೊ ಗುಡ್ಡದ ಪಕ್ಕದ ನೀರಾಗ. 19ರ ರಾತ್ರಿ ಗವರ್ನರು ವಾಸ್ಕೊದಾಗ ಶರಣಾಗತಿಗೆ ಸಹಿ ಹಾಕಿದ. 451 ವರ್ಷದ ಆಳ್ವಿಕಿ ಸುಮಾರು 36 ತಾಸಿನಾಗ ಮುಗೀತು.

ಒಂದು ಮಾತು ಹೇಳಲೇಬೇಕು. ಆ ಮನಷ್ಯಾ ಹುಕುಂ ಪಾಲಿಸಿದ್ದಿದ್ರ ಎಷ್ಟು ಮಂದಿ ಸಾಯ್ತಿದ್ರೋ. ಶರಣಾಗಿ ಜೀವ ಉಳಸಿದ್ದಕ್ಕ ಅವನ ದೇಶ ಅವನನ್ನ ಸೈನ್ಯದಿಂದ ತಗದು ಹಾಕಿತ್ತು, 1974ರ ಕ್ರಾಂತಿ ಆದ ಮ್ಯಾಲೆನ ಅವನಿಗೆ ಮರ್ಯಾದಿ ವಾಪಸ್ ಸಿಕ್ಕಿದ್ದು. 1980ರಾಗ ಗೋವಾಕ್ಕ ಮತ್ತ ಬಂದಿದ್ದ, ಇಲ್ಲಿಯ ಮಂದಿ ಪ್ರೀತಿಲೆ ಮಾತಾಡಿಸಿದ್ರು ಅಂತಾರ.

ಹಳೇ ಕಲ್ಲು:
ಅದಾದ್ಮೇಲೆ ಕಾಬೊದ ಸರದಿ ಹೀಗೆ, ಮೊದಲು ಮಿಲಿಟರಿ ಗವರ್ನರ್ ಮೇಜರ್ ಜನರಲ್ ಕ್ಯಾಂಡೆತ್, 1962ರಿಂದ ಲೆಫ್ಟಿನೆಂಟ್ ಗವರ್ನರ್‌ಗಳು, 1987ರ ಮೇ 30ಕ್ಕೆ ಗೋವಾ ಪೂರ್ಣ ರಾಜ್ಯ ಆದ್ಮೇಲೆ ರಾಜ್ಯಪಾಲರು. ನಮ್ಮ ಮಂಗಳೂರಿನ ಮಾರ್ಗರೆಟ್ ಆಳ್ವ ಅವರೂ 2014ರಲ್ಲಿ ಕೆಲವು ವಾರ ಗೋವಾದ ಹೊಣೆ ಹೊತ್ತಿದ್ರು.

ಬಸವನಗುಡಿಯವರಿಗೆ ಒಂದು ಮಾತು. ಮ್ಯೂಸಿಯಂ ಮಾಡಿದ್ರೆ ಚೆನ್ನಾಗಿರತ್ತೆ ಅಂತ ಎಲ್ಲರೂ ಅಂತಾರೆ, ನಾನೂ ಒಂದು ಕಾಲಕ್ಕೆ ಅಂತಿದ್ದೆ. ಆದ್ರೆ ಸಮುದ್ರದ ತುದಿ ಮೇಲೆ ಉಪ್ಪುಗಾಳಿಗೆ ನಿಂತ ಕಟ್ಟಡಕ್ಕೆ ವರ್ಷಕ್ಕೊಮ್ಮೆ ಬರೋ ಗ್ರಾಂಟ್ ಸಾಲಲ್ಲ, ದಿನಾ ಕಿಟಕಿ ತೆಗೆದು ಹಾಕೋ ಜನ ಬೇಕು. ವಾಸ ಇರೋ ಮನೆಗೆ ಅದು ಸಿಗತ್ತೆ. ಹಾಗಂತ ಮುಚ್ಚಿದ ಗೇಟನ್ನ ನಾನು ಒಪ್ಕೊಳಲ್ಲ. ವಾಸ ಇರಲಿ, ಬಾಗಿಲೂ ತೆಗೀಲಿ, ಎರಡೂ ಒಟ್ಟಿಗೆ ಆಗೋ ಕೆಲಸವೇ. ದೆಹಲಿಯ ರಾಷ್ಟ್ರಪತಿ ಭವನಕ್ಕೆ ಬುಕ್ ಮಾಡ್ಕೊಂಡು ಜನ ಹೋಗ್ತಾರಲ್ಲ.

ಬಸವನಗುಡಿ ಬಾಯ್ಸ್:
ಹಾಗಿದ್ರೆ ನನ್ನ ಡಿಮ್ಯಾಂಡ್ ಬದಲಾಯಿಸ್ತೀನಿ. ಬಾಗಿಲು ತೆಗೆದಾಗ ಬರೀ ತೂಗುದೀಪ, ಪಿಂಗಾಣಿ ತೋರಿಸಿ ಕಳಿಸಬಾರದು. ಧಾರವಾಡದ ಸರ್ ಹೇಳಿದ 1541, ಸನ್ಯಾಸಿಗಳನ್ನ ಹೊರಗೆ ಹಾಕಿದ 1835, ಬ್ರಿಟಿಷ್ ಪಾಳೆ, 1961, ಎಲ್ಲಾನೂ ಒಂದೇ ಗೋಡೆ ಮೇಲೆ ಕೊಂಕಣಿ, ಮರಾಠಿ, ಇಂಗ್ಲಿಷಲ್ಲಿ ಬರೀಬೇಕು. ಆಗ ನಾನು ನಮ್ಮ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತೀನಿ.

ಬಿಜಾಪುರ ಟು ವಾಸ್ಕೊ:
ಕನ್ನಡದಾಗೂ ಬರೀಲಿ ಬಿಡ್ರಿ, ವಾಸ್ಕೊ, ಬಾಯ್ನಾ, ಜುವಾರಿನಗರದಾಗ ನಾವು ಏನು ಕಡಿಮಿ ಮಂದಿ ಇದ್ದೀವೇನ್ರಿ.

ಕಾಳಿ ನದಿ ದಡ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲಾ ಓದಿದ ಮೇಲೆ ಸುಮ್ನೆ ಇರೋಕಾಗ್ಲಿಲ್ಲ, ಭಾನುವಾರದ ಪೂಜೆಗೆ ಆಂಟಿ ಜೊತೆ ಮತ್ತೆ ಹೋಗಿದ್ದೆ. ಈ ಸಲ ದೋನಾ ಪಾವ್ಲಾ ಸಮಾಧಿ ಕಲ್ಲು ಹುಡುಕಿ ನೋಡಿದೆ. ಮುಂಚೆ ಅದೇ ಚಾಪೆಲ್ಲಿಗೆ ಬಂದಿದ್ರೂ ಕಣ್ಣಿಗೆ ಬಿದ್ದಿರಲಿಲ್ಲ. ಪೂಜೆ ಮುಗಿದ ಮೇಲೆ ಒಬ್ಬ ಮುದುಕ ಬಾಗಿಲ ಹತ್ರ ಬಗ್ಗಿ ಹೊಸಿಲು ಮುಟ್ಟಿ ನಮಸ್ಕಾರ ಮಾಡಿದ್ರು, ಥೇಟ್ ನಮ್ಮ ಅಜ್ಜ ದೇವಸ್ಥಾನದಲ್ಲಿ ಮಾಡೋ ಹಾಗೆ.

ಹಂಪನಕಟ್ಟೆಯವರೇ, ನಿಮ್ಮ ಬೇಜಾರನ್ನ ಆಂಟಿಗೆ ಹೇಳಿದೆ, ಬಡತನದ ವ್ರತದವರ ಜಾಗದಲ್ಲಿ ಇಷ್ಟು ವೈಭವ ಆಯ್ತಲ್ಲ ಅಂತ. ಅವರು "ಚಾಪೆಲ್ ಒಳಗೆ ನೋಡಿದ್ಯಾ, ಅಲ್ಲಿ ನಾವೇ ಗುಡಿಸೋದು" ಅಂದ್ರು.

ವಾಸ್ಕೊ ಅಣ್ಣ, ಚಾಪೆಲ್ ಹೊರಗೆ ನಿಂತ್ಕೊಂಡ್ರೆ ಆಚೆ ದಡದಲ್ಲಿ ಮುರ್ಮುಗಾಂವ ಬಂದರದ ಕ್ರೇನ್‌ಗಳು ಚೆನ್ನಾಗಿ ಕಾಣ್ತವೆ. ನಿಮ್ಮ ಅಪ್ಪನ್ನ ಕರ್ಕೊಂಡು ಬನ್ನಿ, ಹೊಸ ಜುವಾರಿ ಸೇತುವೆ ಆದ್ಮೇಲೆ ದಾರಿ ಸಲೀಸು. ಭಾನುವಾರ ನಾನು ಗೇಟ್ ಹತ್ರ ಕಾಯ್ತೀನಿ, ಐಡಿ ಕಾರ್ಡ್ ಮರೀಬೇಡಿ.

ಬಿಜಾಪುರ ಟು ವಾಸ್ಕೊ:
ಅಪ್ಪಗ ಈಗ 78, ಮಣಕಾಲು ನೋವು. ಆದ್ರ ನೀವು ಬರದದ್ದು ಓದಿ ಹೇಳಿದ್ನಿ, "ಬರೂ ಐತವಾರ ಹೊರಡೂಣು" ಅಂತ ಬಿಳಿ ಧೋತ್ರ ಇಸ್ತ್ರಿಗೆ ಕೊಟ್ಟಾನ.